ಸಂಗೀತ ಕೇಳುವವರಿಗೂ ಒಂದು ಕೋಣೆ ಬೇಕು

ಅರ್ಥಶಾಸ್ತ್ರ ಓದುವವರಿಗೆ ಮೊದಲ ವರ್ಷದಲ್ಲೇ ಎದುರಾಗುವ ಒಂದು ಸೂತ್ರವಿದೆ: ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಹಸಿದು ಬಂದವನಿಗೆ ಮೊದಲ ಇಡ್ಲಿ ಕೊಡುವ ತೃಪ್ತಿಯನ್ನು ಐದನೆಯ ಇಡ್ಲಿ ಕೊಡಲಾರದು ಎಂಬುದು ಅದರ ಸಾರ. ಈ ನಿಯಮವನ್ನು ವಿವರಿಸುವಾಗ ಆಲ್ಫ್ರೆಡ್ ಮಾರ್ಷಲ್ ಅವರು ತಮ್ಮ ‘ಪ್ರಿನ್ಸಿಪಲ್ಸ್ ಆಫ್ ಎಕನಾಮಿಕ್ಸ್’ ಗ್ರಂಥದಲ್ಲಿ ಸಂಗೀತದ ಪ್ರಸ್ತಾಪ ತರುತ್ತಾರೆ. ಒಳ್ಳೆಯ ಸಂಗೀತವನ್ನು ಕೇಳಿದಷ್ಟೂ ಅದರ ಹಂಬಲ ಹೆಚ್ಚುತ್ತ ಹೋಗುತ್ತದಲ್ಲ, ಹಾಗಾದರೆ ನಿಯಮ ಸುಳ್ಳಾಯಿತೇ? ಇಲ್ಲ ಎನ್ನುತ್ತಾರೆ ಮಾರ್ಷಲ್. ಕೇಳುತ್ತ ಕೇಳುತ್ತ ಕೇಳುವವನ ಅಭಿರುಚಿಯೇ ಬದಲಾಗಿರುತ್ತದೆ. ನಿಯಮ ಅನ್ವಯಿಸುವುದು ಬದಲಾಗದ ಮನುಷ್ಯನಿಗೆ ಮಾತ್ರ. 1977ರಲ್ಲಿ ಜಾರ್ಜ್ ಸ್ಟಿಗ್ಲರ್ ಮತ್ತು ಗ್ಯಾರಿ ಬೆಕರ್ ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿದರು. ಮನುಷ್ಯನ ಅಭಿರುಚಿ ಬದಲಾಗುವುದಿಲ್ಲ, ಕೇಳಿಕೆಯಿಂದ ಅವನಲ್ಲಿ ಒಂದು ಬಗೆಯ ಬಂಡವಾಳ ಸಂಚಯವಾಗುತ್ತದೆ, ಅದರಿಂದಾಗಿ ಮುಂದಿನ ಕೇಳಿಕೆ ಹೆಚ್ಚು ಫಲ ಕೊಡುತ್ತದೆ ಎಂದು ಅವರ ವಾದ.

ಇಬ್ಬರ ವಾದದಲ್ಲೂ ಒಂದು ಕೊರತೆ ನನಗೆ ಕಾಣುತ್ತದೆ. ಈ ಬಂಡವಾಳವನ್ನು ಒಬ್ಬನೇ ಕೂತು ಕೂಡಿಹಾಕಲು ಸಾಧ್ಯವೇ? ನಮ್ಮ ಸೀಮೆಯಲ್ಲಿ ಸಂಗೀತದ ಕಿವಿ ಬೆಳೆದವರನ್ನು ವಿಚಾರಿಸಿ ನೋಡಿ. ‘ಇಲ್ಲಿ ನಿಲ್ಲು, ಈ ಜಾಗ ಕೇಳು’ ಎಂದು ಮೊಣಕೈ ತಿವಿದು ತೋರಿಸಿದ ಒಬ್ಬ ಚಿಕ್ಕಪ್ಪ, ಒಬ್ಬ ಮೇಷ್ಟರು, ಒಬ್ಬ ಪಕ್ಕದ ಮನೆಯವರು ಬಹುತೇಕ ಎಲ್ಲರ ಕತೆಯಲ್ಲೂ ಇದ್ದೇ ಇರುತ್ತಾರೆ. ಹಾಡು ಕಿವಿಗೆ ಬಿದ್ದರೆ ಸಾಲದು, ಅದರ ಬಗ್ಗೆ ಯಾರೋ ಆಡಿದ ಮಾತೂ ಕಿವಿಗೆ ಬೀಳಬೇಕು. ಕಳೆದ ಎರಡು ದಶಕಗಳಲ್ಲಿ ಹಾಡು ಹೇರಳವಾಗಿ ಒದಗಿತು, ಮಾತು ನಿಂತುಹೋಯಿತು.

ಇದನ್ನು ‘ನಮ್ಮ ಕಾಲವೇ ಚೆನ್ನಾಗಿತ್ತು’ ಎಂಬ ವೃದ್ಧರ ಗೊಣಗಾಟವೆಂದು ಓದುಗರು ತಳ್ಳಿಹಾಕಬಾರದು. ಇಂದಿನ ಅನುಕೂಲವನ್ನು ನಾನು ಮನಸಾರೆ ಬಳಸುತ್ತಿರುವವನು. ಮಲ್ಲಿಕಾರ್ಜುನ ಮನ್ಸೂರರ ಒಂದು ಅಪರೂಪದ ರಾಗ ಕೇಳಬೇಕೆಂದರೆ ಆಕಾಶವಾಣಿ ಅದನ್ನು ಪ್ರಸಾರ ಮಾಡುವ ದಿನಕ್ಕಾಗಿ ಕಾಯಬೇಕಿದ್ದ ಕಾಲವನ್ನು ಕಂಡವನಿಗೆ, ಬೆರಳ ತುದಿಯಲ್ಲಿ ಅದೇ ರಾಗದ ಮೂರು ಬೈಠಕ್‌ಗಳು ಸಿಗುವುದು ಪವಾಡವೇ ಸರಿ. ನನ್ನ ತಕರಾರು ಬೇರೆ. ಮೆಟ್ರೋ ರೈಲಿನ ಒಂದು ಬೋಗಿಯಲ್ಲಿ ಇನ್ನೂರು ಜನ ಇದ್ದರೆ ಅಷ್ಟೇ ಸಂಖ್ಯೆಯ ಸಂಗೀತ ಕಛೇರಿಗಳು ನಡೆಯುತ್ತಿರುತ್ತವೆ, ಒಂದರ ಸುದ್ದಿ ಇನ್ನೊಂದಕ್ಕಿಲ್ಲ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೆಳಗಾದರೆ ಹಾಡುಗಳ ಕೊಂಡಿಗಳು ಬಂದು ಬೀಳುತ್ತವೆ. ಕಳಿಸಿದವರು ಪೂರ್ತಿ ಕೇಳಿರುವುದಿಲ್ಲ, ಪಡೆದವರು ತೆರೆದಿರುವುದಿಲ್ಲ, ಕೈಮುಗಿದ ಚಿತ್ರವೊಂದು ಉತ್ತರವಾಗಿ ಹೋಗುತ್ತದೆ. ಆಡಳಿತದ ಭಾಷೆಯಲ್ಲಿ ಹೇಳುವುದಾದರೆ, ಕಡತ ಚಲಿಸುತ್ತಿದೆ, ಟಿಪ್ಪಣಿ ಬರೆಯುವವರಿಲ್ಲ.

ಆ ಜಾಗವನ್ನು ಈಗ ಯಂತ್ರ ತುಂಬುತ್ತಿದೆ. ನೀವು ಒಂದು ಹಾಡು ಕೇಳಿದರೆ ಮುಂದಿನದನ್ನು ಅದೇ ಆರಿಸಿಕೊಡುತ್ತದೆ. ಬಹುಜನ ಕೇಳಿದ್ದನ್ನು ಮುಂದಕ್ಕೆ ತಳ್ಳುತ್ತದೆ. ಇದರ ಪರಿಣಾಮವೇನು ಎಂಬುದಕ್ಕೆ ಒಂದು ಪ್ರಯೋಗ ನೆನಪಿಗೆ ಬರುತ್ತದೆ. ಸ್ಯಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಮೂವರು ಸಂಶೋಧಕರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಹೆಸರೇ ಕೇಳದ ತಂಡಗಳ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಕೆಲವರಿಗೆ ಹಾಡುಗಳ ಪಟ್ಟಿ ಮಾತ್ರ ಕಾಣುತ್ತಿತ್ತು. ಉಳಿದವರನ್ನು 8 ಪ್ರತ್ಯೇಕ ಗುಂಪುಗಳಾಗಿ ವಿಂಗಡಿಸಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಇಳಿಸಿಕೊಂಡಿದ್ದಾರೆ ಎಂಬ ಲೆಕ್ಕವನ್ನೂ ತೋರಿಸಿದರು. ಲೆಕ್ಕ ಕಂಡ ಕಡೆಗಳಲ್ಲಿ ಜನಪ್ರಿಯ ಹಾಡುಗಳು ಇನ್ನಷ್ಟು ಜನಪ್ರಿಯವಾದವು, ಉಳಿದವು ಮೂಲೆ ಸೇರಿದವು. ಅದಕ್ಕಿಂತ ಕುತೂಹಲದ ಸಂಗತಿಯೆಂದರೆ, ಒಂದು ಗುಂಪಿನಲ್ಲಿ ಮೇಲೇರಿದ ಹಾಡು ಇನ್ನೊಂದರಲ್ಲೂ ಮೇಲೇರುತ್ತದೆಂಬ ಖಾತರಿ ಇರಲಿಲ್ಲ. ತೀರಾ ಉತ್ತಮವಾದವು ಪೂರ್ತಿ ಸೋಲುವುದು, ತೀರಾ ಕಳಪೆಯವು ಗೆಲ್ಲುವುದು ಅಪರೂಪ. ನಡುವಿನವುಗಳ ಹಣೆಬರಹ ಮಾತ್ರ ಮೊದಲು ಬಂದವರು ಯಾವುದನ್ನು ಒತ್ತಿದರೋ ಅದರ ಮೇಲೆ ನಿಂತಿತ್ತು. ಗಮನಿಸಬೇಕಾದ ಅಂಶವೆಂದರೆ, ಈ ಪ್ರಯೋಗದಲ್ಲಿ ಜನ ಒಬ್ಬರಿಂದೊಬ್ಬರು ಪಡೆದದ್ದು ಬರಿಯ ಸಂಖ್ಯೆ. ಯಾಕೆ ಇಷ್ಟವಾಯಿತು ಎಂದು ಯಾರೂ ಯಾರಿಗೂ ಹೇಳಲಿಲ್ಲ.

ಕಾರಣ ಹೇಳದ ಹಂಚಿಕೆ ಹಿಂಡನ್ನು ಬೆಳೆಸುತ್ತದೆ, ಕಾರಣ ಹೇಳುವ ಹಂಚಿಕೆ ಕೇಳುಗರನ್ನು ಬೆಳೆಸುತ್ತದೆ ಎಂದು ನಾನು ನಂಬಿದ್ದೇನೆ. ಇದಕ್ಕೆ ಪ್ರಯೋಗಾಲಯದ ಪುರಾವೆ ನನ್ನಲ್ಲಿಲ್ಲ, ಆದರೆ ನಮ್ಮದೇ ಸಂಗೀತ ಚರಿತ್ರೆಯ ಸಾಕ್ಷ್ಯವಿದೆ.

1922ರಲ್ಲಿ ಗದಗದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲಕನಾಗಿದ್ದಾಗ ಕೇಳಿದ್ದು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಒಂದು ಧ್ವನಿಮುದ್ರಿಕೆ. ಆ ಕಾಲದ ತಟ್ಟೆಯ ಒಂದು ಬದಿಗೆ ಮೂರು ನಿಮಿಷಕ್ಕಿಂತ ಹೆಚ್ಚೇನೂ ಹಿಡಿಯುತ್ತಿರಲಿಲ್ಲ. ಹುಡುಗ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಊರೂರು ಅಲೆದು ಕೊನೆಗೆ ಸೇರಿದ್ದು ಕರೀಂ ಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರ ಬಳಿಗೆ, ಧಾರವಾಡಕ್ಕೆ ಹತ್ತಿರದ ಕುಂದಗೋಳಕ್ಕೆ. ಗಂಗೂಬಾಯಿ ಹಾನಗಲ್ ಅವರೂ ಬಾಲ್ಯದಲ್ಲಿ ಗ್ರಾಮೊಫೋನಿನ ಸದ್ದು ಕೇಳಿದರೆ ಬೀದಿಗೆ ಓಡಿಬರುತ್ತಿದ್ದರು. ಅವರ ಆತ್ಮಕಥೆ ‘ನನ್ನ ಬದುಕಿನ ಹಾಡು’ ಓದಿದವರಿಗೆ, ಆ ಹುಡುಗಿ ಜಾತಿಯ ಕಾರಣಕ್ಕೆ ಎಷ್ಟು ಅವಮಾನ ಉಂಡಿದ್ದಳು ಎಂಬುದು ಗೊತ್ತು. ಒಳಗೆ ಕರೆಯದ ಮನೆಗಳ ಹಾಡು ಕಿಟಕಿಯಿಂದ ಹೊರಬಂದು ಬೀದಿಯಲ್ಲಿ ಅವಳಿಗೆ ಸಿಕ್ಕಿತು. ಹಳೆಯ ಕಾಲದ ಸಭೆ, ಮೆಹಫಿಲುಗಳು ಎಲ್ಲರವೂ ಆಗಿರಲಿಲ್ಲ ಎಂಬುದನ್ನು ಮರೆತು ಹಳಹಳಿಸುವುದು ಅಪ್ರಾಮಾಣಿಕ. ಆದರೆ ಸದ್ದು ಬೀದಿಗೆ ಬರುತ್ತಿತ್ತು, ದಾರಿಹೋಕರು ಕೇಳಬಹುದಿತ್ತು. ಇಂದು ಇಯರ್‌ಫೋನ್ ಧರಿಸಿದವನ ಪಕ್ಕದಲ್ಲಿ ನಿಂತ ಮಗುವಿಗೆ ಏನೂ ಕೇಳುವುದಿಲ್ಲ.

ಹಾಗೆಂದು ಸರ್ಕಾರವೇ ಜನರ ಕಿವಿಯನ್ನು ತಿದ್ದಲು ಹೊರಟರೆ ಏನಾಗುತ್ತದೆಂಬುದನ್ನೂ ದೇಶ ನೋಡಿದೆ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರು ಸಂಗೀತಜ್ಞಾನ ಉಳ್ಳವರೇ. ಆಕಾಶವಾಣಿಯಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಅವರು ತಂದ ಸ್ಥಾನ ದೊಡ್ಡದು. ಜೊತೆಗೇ ಚಲನಚಿತ್ರ ಗೀತೆಗಳಿಗೆ ಬಾಗಿಲು ಮುಚ್ಚಲು ನೋಡಿದರು. ಜನ ತಮ್ಮ ಪಾಡಿಗೆ ರೇಡಿಯೊದ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. 1957ರಲ್ಲಿ ವಿವಿಧಭಾರತಿ ಆರಂಭಿಸಿ ಸರ್ಕಾರ ತನ್ನ ಕೇಳುಗರನ್ನು ಮರಳಿ ಕರೆಯಬೇಕಾಯಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ನೌಕರಿ ಮಾಡಿದ ನನಗೆ, ‘ಅಭಿರುಚಿ ಅಭಿವೃದ್ಧಿ ಸಮಿತಿ’ಯೊಂದರ ಕಲ್ಪನೆಯೇ ನಡುಕ ತರುತ್ತದೆ. ಸರ್ಕಾರ ಹಾಡು ಆರಿಸುವುದು ಬೇಡ, ಜಾಗ ಕೊಡಲಿ.

ಜಾಗವಿದ್ದರೆ ಏನಾಗಬಹುದೆಂಬುದಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಸಣ್ಣ ನಿದರ್ಶನ ಕೊಡುತ್ತೇನೆ. ತಿಂಗಳಿಗೊಂದು ಭಾನುವಾರ ಸಂಜೆ ನೆಲಮಹಡಿಯ ಹಾಲ್‌ನಲ್ಲಿ ಇಪ್ಪತ್ತು ಮಂದಿ ಸೇರುತ್ತೇವೆ. ಇತ್ತೀಚೆಗೆ ತಾನು ಕೇಳುತ್ತಿರುವ ಒಂದು ಹಾಡನ್ನು ಪ್ರತಿಯೊಬ್ಬರೂ ತರಬಹುದು. ಅದನ್ನು ಎಲ್ಲರೂ ಪೂರ್ತಿ ಕೇಳಬೇಕು. ತಂದವರು ಯಾವ ಜಾಗ ತಮ್ಮನ್ನು ಹಿಡಿದು ನಿಲ್ಲಿಸಿತು ಎಂದು ಹೇಳಬೇಕು. ‘ಅದ್ಭುತ’, ‘ದೈವಿಕ’ ಎಂಬ ಎರಡು ಪದಗಳಿಗೆ ನಿಷೇಧವಿದೆ. ಇವನ್ನು ತೆಗೆದುಬಿಟ್ಟರೆ ನಮ್ಮಲ್ಲಿ ಅನೇಕ ವಿದ್ಯಾವಂತರಿಗೆ ಸಂಗೀತದ ಬಗ್ಗೆ ಮಾತೇ ಹೊರಡುವುದಿಲ್ಲ ಎಂಬುದು ಮೊದಲ ತಿಂಗಳಲ್ಲೇ ಬಯಲಾಯಿತು. ಪದಗಳಿಗಾಗಿ ತಡಕಾಡುವ ಆ ಕಷ್ಟವೇ ನಮ್ಮನ್ನು ಎರಡನೆಯ ಸಲ ಕೇಳುವಂತೆ ಮಾಡಿತು.

ಒಮ್ಮೆ ಎಂ.ಡಿ. ರಾಮನಾಥನ್ ಅವರ ಗಾಯನ ಇಟ್ಟಿದ್ದೆ. ಮಂದ್ರದ ಆ ಕಂಠ, ಆ ವಿಳಂಬ ನಡೆ. ನಾಲ್ಕನೆಯ ಮಹಡಿಯ ಸಾಫ್ಟ್‌ವೇರ್ ಎಂಜಿನಿಯರ್ ತರುಣ, ‘ಅಂಕಲ್, ನೆಟ್‌ವರ್ಕ್ ಸಿಗದೆ ನಿಂತುನಿಂತು ಬರೋ ಹಾಗಿದೆ’ ಎಂದ. ನಕ್ಕೆವು. ವೀಣೆ ಕಲಿತ ಹಿರಿಯ ಮಹಿಳೆಯೊಬ್ಬರು ಅವನನ್ನು ಗದರಿಸಲಿಲ್ಲ. ತಾಳ ಹಾಕುತ್ತ ಇನ್ನೊಮ್ಮೆ ಕೇಳಿಸಿ, ಎರಡು ಪೆಟ್ಟುಗಳ ನಡುವೆ ಗಾಯಕರು ಸ್ವರವನ್ನು ಎಷ್ಟು ಹೊತ್ತು ಸುಮ್ಮನೆ ಹಿಡಿದಿಡುತ್ತಾರೆ, ಎಲ್ಲಿ ಸಾಹಿತ್ಯದ ಒಂದೇ ಅಕ್ಷರವನ್ನು ಬಿಟ್ಟು ಕಾಯುತ್ತಾರೆ ಎಂದು ತೋರಿಸಿದರು. ತರುಣನಿಗೆ ರಾಮನಾಥನ್ ಹಿಡಿಸಿದರೋ ಇಲ್ಲವೋ ತಿಳಿಯದು. ಮುಂದಿನ ತಿಂಗಳು ಅವನೂ ಒಂದು ಹಾಡು ತಂದ: ರಘು ದೀಕ್ಷಿತ್ ಅವರ 2008ರ ಆಲ್ಬಂನಿಂದ ಶಿಶುನಾಳ ಷರೀಫರ ತತ್ತ್ವಪದ. ಪಕ್ಕದಲ್ಲಿ ಸಿ. ಅಶ್ವತ್ಥ್ ಕಂಠದ ಷರೀಫರ ಪದಗಳನ್ನೂ ಇಟ್ಟು ಕೇಳಿದೆವು. ಹಿರಿಯರಿಗೆ ಗಿಟಾರ್ ಹಿಡಿಸಲಿಲ್ಲ. ಅಶ್ವತ್ಥ್ ಅವರ ಏರುಕಂಠದಲ್ಲಿಯೂ ನಾಟಕೀಯತೆ ಕಡಿಮೆಯಿಲ್ಲವೆಂದು ಕಿರಿಯರು ವಾದಿಸಿದರು, ಅದು ನಿರಾಧಾರವೇನೂ ಅಲ್ಲ.

ವಾದ ಬಿಸಿಯೇರುತ್ತಿದ್ದಾಗ ಬಾಗಿಲ ಬಳಿ ನಿಂತಿದ್ದ ನಮ್ಮ ಕಟ್ಟಡದ ಕಾವಲುಗಾರ, ಶಿಗ್ಗಾವಿ ಕಡೆಯವನು, ಸಂಕೋಚದಿಂದ ನುಡಿದ: ‘ನಮ್ ಊರಾಗ ಹಿಂಗ ಹಾಡೂದಿಲ್ರಿ ಸಾಹೇಬ್ರ. ಭಜನಿಯೊಳಗ ಭಾಳ ಸಾವಕಾಶ ಹಾಡ್ತೇವ್ರಿ.’ ಹಾಡಿಯೂ ತೋರಿಸಿದ. ಏರುವ ಕಡೆ ಏರಲಿಲ್ಲ. ಪ್ರತಿ ಸಾಲಿನ ಕೊನೆಯನ್ನು ಮಾತಿನಂತೆ ಕೆಳಗಿಳಿಸಿ ಬಿಡುತ್ತಿದ್ದ. ಪದದ ಅರ್ಥವನ್ನು ಎದುರಿಗಿದ್ದವರಿಗೆ ಹೇಳುವ ಹಾಗೆ ಇತ್ತು, ಒಪ್ಪಿಸುವ ಹಾಗಲ್ಲ. ಷರೀಫರು ಬಾಳಿದ ಶಿಶುನಾಳ ಅದೇ ತಾಲ್ಲೂಕಿನದು. ಕೊಂಡಿ ಕಳಿಸುವ ಗುಂಪಿನಲ್ಲಿ ಈತನ ಸಂಖ್ಯೆ ಇರಲಿಲ್ಲ. ಯಂತ್ರದ ಪಟ್ಟಿಯಲ್ಲಿ ಆತನ ಭಜನಾ ಮೇಳವೂ ಇರಲಾರದು. ಈಗ ಪಾಳಿ ಇಲ್ಲದ ಭಾನುವಾರಗಳಲ್ಲಿ ಆತ ಒಳಗೆ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಇದಕ್ಕೆ ನಿವಾಸಿಗಳ ಸಂಘದಲ್ಲಿ ಒಂದಿಬ್ಬರ ಆಕ್ಷೇಪಣೆ ಬಂದದ್ದನ್ನೂ ಮುಚ್ಚಿಡುವುದಿಲ್ಲ. ಹಾಲ್ ಇರುವುದು ನಿವಾಸಿಗಳಿಗೆ ಎಂಬುದು ಅವರ ವಾದ.

ನಿವೃತ್ತ ಅಧಿಕಾರಿಗಳಿಗೆ ಅಧಿನಿಯಮ ತಿರುವಿಹಾಕುವ ಚಟ ಬೇಗ ಬಿಡುವುದಿಲ್ಲ. 1957ರ ಹಕ್ಕುಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣ ನೋಡಿದೆ. ವಸತಿ ಕಟ್ಟಡದ ನಿವಾಸಿಗಳ ಸಾಮಾನ್ಯ ಬಳಕೆಯ ಹಾಲ್‌ನಲ್ಲಿ ಧ್ವನಿಮುದ್ರಿಕೆ ಕೇಳಿಸುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ. ಲಾಭದ ಉದ್ದೇಶವಿಲ್ಲದ ಕ್ಲಬ್ ಅಥವಾ ಅಂಥ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಕೇಳಿಸಿದರೂ ಅಲ್ಲ. ಅಂದರೆ ಸಣ್ಣದೊಂದು ಸಂಗೀತ ಕೂಟ ಕಟ್ಟಿಕೊಂಡರೆ ಕಾವಲುಗಾರನ ಕುರ್ಚಿಗೂ ಕಾನೂನಿನ ಆಸರೆ ಸಿಗುತ್ತದೆ. ಇದಲ್ಲದೆ, ಧ್ವನಿಮುದ್ರಣದ ಮೇಲಿನ ಹಕ್ಕು ನಮ್ಮಲ್ಲಿ ಪ್ರಕಟಣೆಯ ಮರುವರ್ಷದಿಂದ 60 ವರ್ಷಕ್ಕೆ ಕೊನೆಗೊಳ್ಳುತ್ತದೆ. 1964ರವರೆಗೆ ಪ್ರಕಟವಾದ ತಟ್ಟೆಗಳ ಮೇಲಿನ ಈ ಹಕ್ಕು ಮುಗಿದಿದೆ. ಹಾಡಿನ ಸಾಹಿತ್ಯ, ಸ್ವರ ಸಂಯೋಜನೆಗಳ ಹಕ್ಕು ಬೇರೆಯೇ ಇರಬಹುದು. ಸಾಂಪ್ರದಾಯಿಕ ಬಂದಿಶ್, ಕೀರ್ತನೆಗಳಿಗೆ ಆ ತೊಡಕೂ ಇಲ್ಲ. ಹೀಗಾಗಿ 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರು ತಮ್ಮ ಕಾಲದಲ್ಲಿ ಪ್ರಕಟಿಸಿದ ಮುದ್ರಿಕೆಗಳು ಇಂದು ಕಾನೂನಿನ ಪ್ರಕಾರವೇ ಸಾರ್ವಜನಿಕ ಆಸ್ತಿ. ಆಸ್ತಿಯಿದೆ, ಸಾರ್ವಜನಿಕರು ಕೂತು ಅದನ್ನು ಅನುಭವಿಸುವ ಸ್ಥಳವಿಲ್ಲ.

ಆ ಸ್ಥಳವನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1965ರಲ್ಲಿ ಬಂತು. ಆಸ್ತಿ ತೆರಿಗೆಯ ಜೊತೆ ನಗರವಾಸಿಗಳೆಲ್ಲ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಸ್ಥಳೀಯ ಸಂಸ್ಥೆಗಳು ಸಂಗ್ರಹಿಸಿದ ಆ ಕರ ಗ್ರಂಥಾಲಯ ಇಲಾಖೆಗೆ ಸಕಾಲದಲ್ಲಿ ತಲುಪದೆ ಬಾಕಿ ಉಳಿಯುವ ಸುದ್ದಿಯನ್ನು ಓದುಗರು ಈ ಪತ್ರಿಕೆಗಳಲ್ಲೇ ನೋಡಿರುತ್ತಾರೆ. ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಸಂಜೆಯ ನಂತರ ಮುಚ್ಚಿರುವ ಒಂದು ಕೋಣೆ, ಎರಡು ಒಳ್ಳೆಯ ಸ್ಪೀಕರ್, ಮೂವತ್ತು ಕುರ್ಚಿ, ತಿಂಗಳಿಗೆ ಎರಡು ಸಂಜೆ ಬೀಗ ತೆರೆಯುವ ಒಬ್ಬ ಸಹಾಯಕ: ಬೇಕಾದದ್ದು ಇಷ್ಟು. ಯಾವ ಹಾಡು ಎಂಬುದನ್ನು ಬಂದವರು ನೋಡಿಕೊಳ್ಳುತ್ತಾರೆ. ಷರೀಫರೂ ಬರಲಿ, ಎಂ.ಡಿ.ಆರ್. ಬರಲಿ, ಹುಡುಗರ ರ‍್ಯಾಪ್ ಕೂಡ ಬರಲಿ.

ಇಲಾಖೆ ಎತ್ತಬಹುದಾದ ಮೊದಲ ಆಕ್ಷೇಪಣೆ ನನಗೆ ಈಗಲೇ ಕೇಳಿಸುತ್ತಿದೆ: ಸಾರ್ವಜನಿಕ ಗ್ರಂಥಾಲಯವನ್ನು 52ನೆಯ ಪ್ರಕರಣದ ‘ಲಾಭರಹಿತ ಕ್ಲಬ್ ಅಥವಾ ಅಂಥ ಸಂಸ್ಥೆ’ ಎಂದು ಪರಿಗಣಿಸಬಹುದೇ? ಪ್ರಶ್ನೆ ಸರಿಯಾದದ್ದೇ. ಕಾನೂನು ಇಲಾಖೆಯ ಅಭಿಪ್ರಾಯಕ್ಕೆ ಒಂದು ಪುಟದ ಕಡತ ಕಳಿಸಿದರೆ ಸಾಕು. ಪ್ರತಿಕೂಲ ಉತ್ತರ ಬಂದರೂ ಬಡಾವಣೆಯ ಓದುಗರೇ ನೋಂದಾಯಿತ ಕೂಟ ರಚಿಸಿಕೊಂಡು ಕೋಣೆಯನ್ನಷ್ಟೇ ಬಾಡಿಗೆಯಿಲ್ಲದೆ ಪಡೆಯುವ ದಾರಿ ಉಳಿದಿರುತ್ತದೆ. ಅದಕ್ಕೆ ಆಯಾ ನಗರದ ಗ್ರಂಥಾಲಯ ಪ್ರಾಧಿಕಾರದ ಒಂದು ನಿರ್ಣಯ ಬೇಕು; ಮುಂದಿನ ಸಭೆಯ ಕಾರ್ಯಸೂಚಿಯಲ್ಲೇ ಅದನ್ನು ಸೇರಿಸಬಹುದು.