ತಿಳಿಯಾದ ನೀರೆಲ್ಲ ಪಾದೋದಕವಲ್ಲ



ಎರಡು ತಿಂಗಳ ಹಿಂದೆ ನಮ್ಮ ಭಾಗದ ಮಠವೊಂದರಲ್ಲಿ ಶಿವಾನುಭವ ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತು. ನೂಲಿಗೆ ಬಣ್ಣ ಹಾಕುವ ಘಟಕವೊಂದರ ಯಜಮಾನರು ಎರಡು ಗಾಜಿನ ಸೀಸೆ ತಂದು ಸ್ವಾಮಿಗಳ ಮುಂದಿಟ್ಟರು. ಒಂದರಲ್ಲಿ ಕಡುಗೆಂಪು ನೀರು, ಇನ್ನೊಂದರಲ್ಲಿ ತಿಳಿನೀರು. "ಔಷಧಿ ಹಾಕಿ ಶುದ್ಧಿ ಮಾಡಿದ್ದೀವಿ ಬುದ್ಧಿ, ಪಾದೋದಕ ಇದ್ದಂಗದೆ" ಎಂದರು. ಸುತ್ತಲಿದ್ದವರು ತಲೆದೂಗಿದರು.

ನಿವೃತ್ತನಾದ ಮೇಲೆ ನನ್ನ ಜೇಬಿನಲ್ಲಿ ಪೆನ್ನಿನ ಜೊತೆಗೆ ಪೆನ್ನಿನಂಥದ್ದೇ ಒಂದು ಮೀಟರು ಇರುತ್ತದೆ. ನೀರಿನಲ್ಲಿ ಕರಗಿರುವ ಉಪ್ಪನ್ನು ಅಳೆಯುವ ಸಾಧನ. ಅದನ್ನು ಆ ತಿಳಿನೀರಿಗೆ ಅದ್ದಿದೆ. ಜವಳಿ ಘಟಕದಿಂದ ಹೊರಬಿಡುವ ನೀರಿಗೆ ಕಾಯಿದೆ ಇಟ್ಟಿರುವ ಮಿತಿ ಲೀಟರಿಗೆ 2,100 ಮಿಲಿಗ್ರಾಂ. ಅಂಕಿ ಅದನ್ನು ದಾಟಿ ಓಡಿತು. ಕೆಂಪು ನೀರಿಗೆ ಅದ್ದಿದೆ, ಅಲ್ಲಿ ಅಂಕಿ ಕಡಿಮೆಯೇ ಇತ್ತು! ಯಜಮಾನರಿಗೆ ಮುಜುಗರವಾಯಿತು, ನನಗೂ ಆಯಿತು. ಆದರೆ ವಿಷಯ ಅಲ್ಲಿಗೇ ಬಿಡುವಂಥದ್ದಲ್ಲ.

ಆ ಔಷಧಿ ಎಂದರೇನು? ಪಟಿಕ, ಸುಣ್ಣ, ಕೆಲವೆಡೆ ಫೆರಸ್ ಸಲ್ಫೇಟ್, ಕೊನೆಗೆ ಬ್ಲೀಚಿಂಗ್ ದ್ರಾವಣ. ಪಟಿಕ ಹಾಕಿದರೆ ಬಣ್ಣದ ಕಣಗಳು ಗರಣೆಗಟ್ಟಿ ತಳಕ್ಕೆ ಇಳಿಯುತ್ತವೆ. ಬಣ್ಣ ಎಲ್ಲಿಗೂ ಹೋಗಲಿಲ್ಲ, ನೀರಿನಲ್ಲಿದ್ದದ್ದು ರಾಡಿಗೆ ಬಂತು, ಅಷ್ಟೇ. ಪಟಿಕದ ಸಲ್ಫೇಟು ಮಾತ್ರ ನೀರಿನಲ್ಲೇ ಉಳಿಯಿತು. ಬ್ಲೀಚಿಂಗ್ ಇನ್ನೂ ಮೋಸದ್ದು. ಅದು ಬಣ್ಣದ ಅಣುವನ್ನು ಕಣ್ಣಿಗೆ ಕಾಣುವ ಜಾಗದಲ್ಲಿ ಮುರಿಯುತ್ತದೆ. ಮುರಿದ ತುಂಡುಗಳು ಅಲ್ಲೇ ಇರುತ್ತವೆ. ಕ್ಲೋರಿನ್ ಅವುಗಳೊಡನೆ ಸೇರಿ ಮೊದಲಿಗಿಂತ ಕೆಟ್ಟ ವಸ್ತುವಾಗುವುದೂ ಉಂಟು. ಉಳಿದ ಕ್ಲೋರಿನ್ ಮೀನನ್ನೂ, ನೀರನ್ನು ತಾನಾಗಿ ಶುದ್ಧಿ ಮಾಡಬಲ್ಲ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಬಣ್ಣ ತೆಗೆಯಲು ಹೈಡ್ರೋಸ್ ಬಳಸಿದರೆ ಅಜೋ ಜಾತಿಯ ಬಣ್ಣಗಳು ಒಡೆದು ಅಮೀನುಗಳಾಗುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಕೆಂಪು ಹೋಯಿತೆಂದು ನಾವು ಕೈಮುಗಿಯುತ್ತೇವೆ. ಕೆಂಪು ಇದ್ದಾಗ ಎಮ್ಮೆ ಮೇಯಿಸುವ ಹುಡುಗನಾದರೂ ಆ ನೀರಿನಿಂದ ದೂರ ನಿಲ್ಲುತ್ತಿದ್ದ.

ಬಸವಣ್ಣನವರು ಅಂತರಂಗದ ಶುದ್ಧಿ, ಬಹಿರಂಗದ ಶುದ್ಧಿ ಎರಡನ್ನೂ ಕೇಳಿದರು. ಮಡಿಯನ್ನು ನಾವು ಮುರಿದದ್ದೇ ಅದು ಹೊರಗಿನ ತೋರಿಕೆ ಎಂಬ ಕಾರಣಕ್ಕೆ. ಈಗ ನೀರಿಗೇ ಮಡಿ ಉಡಿಸಿ ನಂಬುತ್ತಿದ್ದೇವಲ್ಲ!

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಉಪ್ಪಿನ ಸಮಸ್ಯೆ ಮುಖ್ಯವಾಗಿ ಹತ್ತಿಯ ಬಣ್ಣದ್ದು. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಿಡಿಯಲು ಲೀಟರಿಗೆ 50 ಗ್ರಾಂವರೆಗೂ, ಗಾಢ ಬಣ್ಣಕ್ಕೆ ಇನ್ನೂ ಹೆಚ್ಚು ಉಪ್ಪು ಬೇಕು. ರೇಷ್ಮೆಗೆ ಅಷ್ಟು ಬೇಡ. ಮೇಲಿನ ಘಟಕ ಎರಡನ್ನೂ ಅದ್ದುತ್ತದೆ. ರೇಷ್ಮೆಯದು ಅಂಟಿನ ಸಮಸ್ಯೆ. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಅಂಟು. ಸೋಪು, ಸೋಡ ಹಾಕಿ ಕುದಿಸಿ ಅದನ್ನು ತೆಗೆಯದೆ ಬಣ್ಣ ಹಿಡಿಯದು. ನಾಲ್ಕು ಕಿಲೋ ನೂಲು ಕುದಿಸಿದರೆ ಹೆಚ್ಚುಕಡಿಮೆ ಒಂದು ಕಿಲೋ ಅಂಟು ಚರಂಡಿಗೆ. ಅದು ಪ್ರೋಟೀನು, ವಿಷವಲ್ಲ. ಆದರೆ ಕೆರೆಯಲ್ಲಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಇದಕ್ಕೆ ಪಟಿಕ ಸುರಿಯುವುದು ದಡ್ಡತನ. ಅಂಟಿನ ನೀರನ್ನು ಬಣ್ಣದ ನೀರಿಗೆ ಬೆರೆಸದೆ ಬೇರೆ ತೊಟ್ಟಿಯಲ್ಲಿ ಇಟ್ಟರೆ ಸೂಕ್ಷ್ಮಜೀವಿಗಳೇ ಅದನ್ನು ತಿಂದು ಮುಗಿಸುತ್ತವೆ. (ರೇಷ್ಮೆ ಹುಳುವಿನ ಹಿಂಸೆಯ ಪ್ರಶ್ನೆ ಎತ್ತುವ ಶರಣರಿದ್ದಾರೆ. ಅದಕ್ಕೆ ಇನ್ನೊಂದು ದಿನ ಜಗಳವಾಡೋಣ.)

ನಮಗೇನೂ ಆಗದು ಎನ್ನುವವರಿಗೆ ಹಳೆಯ ನಕ್ಷೆ ತೋರಿಸುತ್ತೇನೆ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಗ ಹನೂರೂ ಇದೇ ತಾಲ್ಲೂಕಿಗೆ ಸೇರಿತ್ತು. ತಿರುಪ್ಪೂರು ಕೂಡ ಅದೇ ಜಿಲ್ಲೆ. ಅಲ್ಲಿನ ನೊಯ್ಯಲ್ ನದಿಗೆ ಒರತ್ತುಪಾಳ್ಯಂ ಎಂಬಲ್ಲಿ ಅಣೆಕಟ್ಟು ಕಟ್ಟಿ 1992ರಲ್ಲಿ ಮುಗಿಸಿದರು. ಸುಮಾರು 20,000 ಎಕರೆಗೆ ನೀರು ಕೊಡುವ ಉದ್ದೇಶ. ಬಣ್ಣದ ಘಟಕಗಳ ನೀರು ಅದರಲ್ಲಿ ತುಂಬಿತು. ಕೆಲವೇ ವರ್ಷಗಳಲ್ಲಿ ಕೆಳಗಿನ ರೈತರೇ ನಮ್ಮ ಹೊಲಕ್ಕೆ ಈ ನೀರು ಬಿಡಬೇಡಿ ಎಂದು ಅಂಗಲಾಚಿದರು. ಎಂಜಿನಿಯರನೊಬ್ಬನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಡ. ಅಲ್ಲಿ ಶುದ್ಧೀಕರಣ ಘಟಕಗಳೇ ಇರಲಿಲ್ಲ ಎಂದುಕೊಳ್ಳಬೇಡಿ. ಸಾಮೂಹಿಕ ಘಟಕಗಳಿದ್ದವು, ಔಷಧಿಯನ್ನೂ ಹಾಕುತ್ತಿದ್ದರು. ಉಪ್ಪು ಮಾತ್ರ ಹಾಗೇ ಹರಿಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಘಟಕಗಳನ್ನೂ ಸಾಮೂಹಿಕ ಘಟಕಗಳನ್ನೂ ಮುಚ್ಚಿಸಿತು. ಹೆಚ್ಚು ಕಷ್ಟ ಬಿದ್ದದ್ದು ದಿನಗೂಲಿಯವರಿಗೆ.

ನಮ್ಮಲ್ಲಿ ತಿರುಪ್ಪೂರಿನಷ್ಟು ಘಟಕಗಳಿಲ್ಲ, ನಿಜ. ನೊಯ್ಯಲ್‌ನಂತೆ ನಮ್ಮ ಸುವರ್ಣಾವತಿಯೂ ಚಿಕ್ಕ ಹೊಳೆ ಎಂಬುದೂ ನಿಜ. ಯಳಂದೂರು ದಾಟಿ ಕಾವೇರಿ ಸೇರುವ ಮೊದಲು ಬೇಸಿಗೆಯಲ್ಲಿ ಅದರಲ್ಲಿ ಎಷ್ಟು ನೀರಿರುತ್ತದೆಂದು ಸೇತುವೆಯ ಮೇಲೆ ನಿಂತು ನೋಡಿ. ಸ್ವಲ್ಪ ಕೊಳೆಯೂ ಅದಕ್ಕೆ ಭಾರ. ಉಪ್ಪುನೀರು ಹಿಪ್ಪುನೇರಳೆ ತೋಟಕ್ಕೆ ಹೋದರೆ ಎಲೆ ಬಡವಾಗುತ್ತದೆ. ಎಲೆ ಬಡವಾದರೆ ಗೂಡು ಹಗುರ. ಗೂಡು ಹಗುರವಾದರೆ ನೂಲು ಬಿಚ್ಚುವವನಿಗೂ ನೇಯುವವನಿಗೂ ಏಟು.

ಕಾಯಕಕ್ಕೆ ಅಡ್ಡಿ ಮಾಡಬೇಡಿ ಎಂದು ನನಗೆ ಹೇಳಿದವರಿದ್ದಾರೆ. ನೇಯುವ ದಾಸಿಮಯ್ಯನೂ ಒಗೆಯುವ ಮಾಚಯ್ಯನೂ ನಮ್ಮ ಶರಣರು. ಉತ್ತರದ ಸೀಮೆಯಲ್ಲಿ ನೀಲಗಾರರೆಂದರೆ ನೀಲಿ ಅದ್ದುವ ಲಿಂಗವಂತರು. (ನಮ್ಮ ಕಡೆ ನೀಲಗಾರರು ಮಂಟೇಸ್ವಾಮಿ ಪದ ಹಾಡುವವರು, ಅದು ಬೇರೆ.) ಆ ಕೈಗಳನ್ನು ನಾನು ದೂರುತ್ತಿಲ್ಲ. ಲಾಭ ಮೇಲಿನವನಿಗೆ, ಉಪ್ಪು ಕೆಳಗಿನ ಹೊಲದವನಿಗೆ ಎಂಬ ಲೆಕ್ಕವನ್ನು ಕಾಯಕ ಎಂದು ಕರೆಯುವುದಕ್ಕೆ ನನ್ನ ವಿರೋಧ. ದಾಸೋಹದಲ್ಲಿ ಹಂಚುವುದು ಗಳಿಕೆಯನ್ನು, ರಾಡಿಯನ್ನಲ್ಲ.

ನನ್ನ ಪಾಲನ್ನೂ ಒಪ್ಪಿಕೊಳ್ಳುತ್ತೇನೆ. ಸೇವೆಯಲ್ಲಿದ್ದಾಗ ಒಂದು ಪಟ್ಟಣದ ಮಳೆನೀರಿನ ಚರಂಡಿಗೆ ಅಂದಾಜು ಪಟ್ಟಿ ಬರೆದವನು ನಾನು. ಸ್ಥಳ ನೋಡಲು ಹೋದ ದಿನವೇ ಅದರ ದಾರಿಯಲ್ಲಿ ಬಣ್ಣದ ಮನೆಗಳ ಕೊಳವೆಗಳು ಕಂಡಿದ್ದವು. ಇಳಿಜಾರಿನ ಲೆಕ್ಕ ಸರಿಯಿತ್ತು, ಕಾಂಕ್ರೀಟು ಚೆನ್ನಾಗಿ ಬಂತು, ಬಿಲ್ಲು ಪಾಸಾಯಿತು. ಚರಂಡಿಯ ಕೊನೆ ಇದ್ದದ್ದು ಒಂದು ಕೆರೆಯಲ್ಲಿ. ಕೊಳವೆಗಳ ವಿಷಯ ಕಡತದಲ್ಲಿ ಬರೆಯಲಿಲ್ಲ. ಬರೆದಿದ್ದರೆ ಕೆಲಸ ನಿಲ್ಲುತ್ತಿತ್ತು, ಬಡ್ತಿಯ ವರ್ಷ ಅದು. ಆ ಕೆರೆಯ ಏರಿಯ ಮೇಲೆ ಈಗಲೂ ನಾನು ಬಸ್ಸಿನ ಕಿಟಕಿ ಮುಚ್ಚಿ ಕೂರುತ್ತೇನೆ.

ರಾಡಿಯ ಮಾತು ಬಾಕಿ ಇದೆ. 2016ರ ನಿಯಮಗಳ ಪ್ರಕಾರ ಇಂಥ ರಾಸಾಯನಿಕ ರಾಡಿ ಅಪಾಯಕಾರಿ ತ್ಯಾಜ್ಯ. ಅದನ್ನು ತಿಪ್ಪೆಗೆ ಹಾಕುವಂತಿಲ್ಲ, ಹಳ್ಳದ ದಂಡೆಗೆ ಸುರಿಯುವಂತಿಲ್ಲ, ದಾಬಸ್‌ಪೇಟೆಯಲ್ಲಿರುವಂಥ ಅಧಿಕೃತ ಸ್ಥಳಕ್ಕೇ ಸಾಗಿಸಬೇಕು. ಕೆಲವು ಬಣ್ಣಗಳಲ್ಲಿ ಕ್ರೋಮಿಯಂ ಇರುತ್ತದೆ, ಮೊದಲ ಮಳೆಗೆ ಅದು ಮತ್ತೆ ಹಳ್ಳಕ್ಕೆ ಇಳಿಯುತ್ತದೆ. ಯಜಮಾನರನ್ನು ಅಂದು ಕೇಳಿದೆ: ತಿಳಿನೀರಿನ ಸೀಸೆ ತಂದಿರಿ, ರಾಡಿಯ ಚೀಲ ಎಲ್ಲಿಗೆ ಹೋಯಿತು? ಉತ್ತರ ಬರಲಿಲ್ಲ.

ನಮ್ಮ ಸಂಘಟನೆಗಳು ಧರ್ಮದ ಮಾನ್ಯತೆಗಾಗಿ ರಸ್ತೆಗಿಳಿದಿವೆ, ನಾನೂ ಇಳಿದಿದ್ದೇನೆ. ಆದರೆ ಅಷ್ಟಾವರಣದಲ್ಲಿ ಪಾದೋದಕವೂ ಒಂದು ಎಂದು ಬೋಧಿಸುವ ಮಠಗಳಲ್ಲಿ ನೀರಿನ ಬಗ್ಗೆ ಒಂದು ಠರಾವೂ ಇಲ್ಲದಿರುವುದು ಸರಿಯಲ್ಲ. ಮಠಗಳು ಸಣ್ಣ ಗಿರಾಕಿಗಳಲ್ಲ. ಸನ್ಮಾನದ ಶಾಲು, ಸಾಮೂಹಿಕ ವಿವಾಹದ ಸೀರೆ ಪಂಚೆ ಎಷ್ಟು ಕೊಳ್ಳುತ್ತೇವೆಂದು ಲೆಕ್ಕದ ಪುಸ್ತಕ ತೆಗೆದು ನೋಡಿ. ಕೊಳ್ಳುವಾಗ ಬಣ್ಣ ಎಲ್ಲಿ ಹಾಕಿಸಿದಿರಿ, ಆ ನೀರು ಎಲ್ಲಿಗೆ ಹೋಯಿತು, ರಾಡಿ ಸಾಗಿಸಿದ ರಸೀದಿ ಇದೆಯೇ ಎಂದು ಕೇಳಿ. ಸಣ್ಣ ಬಣ್ಣದ ಮನೆಯವರು ಒಬ್ಬೊಬ್ಬರೇ ಘಟಕ ಕಟ್ಟಲಾರರು. ಹತ್ತು ಮನೆಗೆ ಒಂದು ಅಂಟಿನ ತೊಟ್ಟಿ ಕಟ್ಟಲು ಮಠ ಜಾಗ ಕೊಟ್ಟರೆ ನಕ್ಷೆಯನ್ನೂ ಅಂದಾಜನ್ನೂ ನಾನು ಬರೆದುಕೊಡುತ್ತೇನೆ, ಸಂಭಾವನೆ ಬೇಡ.

ಬರುವ ಹುಣ್ಣಿಮೆಯ ಗೋಷ್ಠಿಗೆ ಮೀಟರು ತರುತ್ತೇನೆ. ಯಜಮಾನರೂ ಬರಲಿ. ಈ ಸಲ ಸೀಸೆ ಬೇಡ, ರಾಡಿಯ ಲೆಕ್ಕದ ಪುಸ್ತಕ ತರಲಿ.