ನಗಿಸೋದು ಬೇರೆ, ನಗೆಪಾಟಲು ಮಾಡೋದು ಬೇರೆ



ಈಗ ಊರ ಕಟ್ಟೆ ಮೇಲೂ, ನಮ್ಮ ಕೊನೇ ಬೆಂಚಲ್ಲೂ ಒಂದೇ ಮಾತು: "ಆ ವಿಡಿಯೋ ನೋಡಿದ್ಯೇನೋ? ವೈರಲ್ ಆಗಿದೆ!" ಮೀಮ್ ಅನ್ನೋ ಪದ ಮೊಬೈಲ್ ಜೊತೆ ಬಂತು ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಅಲ್ಲ. 1976ರಲ್ಲೇ ರಿಚರ್ಡ್ ಡಾಕಿನ್ಸ್ ಎಂಬ ಜೀವವಿಜ್ಞಾನಿ ತಮ್ಮ ಪುಸ್ತಕದಲ್ಲಿ ಅದನ್ನು ಬಳಸಿದರು. ಒಬ್ಬರನ್ನು ನೋಡಿ ಒಬ್ಬರು ಅನುಕರಿಸುತ್ತಾ ಹರಡುವ ರಾಗ, ಮಾತು, ಉಡುಪು ಎಲ್ಲವೂ ಅವರ ಪ್ರಕಾರ ಮೀಮೇ. ಹಾಗೆ ನೋಡಿದರೆ ನಮ್ಮಜ್ಜಿ ಹೇಳೋ ಗಾದೆಗಳೂ ಮೀಮುಗಳೇ!

ನಾನು ಮೀಮಿನ ವಿರೋಧಿ ಅಲ್ಲ, ನಂಗೂ ನಗು ಬರುತ್ತೆ. ಆದರೆ ಕೆನಡಾ ದೇಶದ ಒಬ್ಬ ಹುಡುಗನ ಸಂಗತಿ ಕೇಳಿ. 2002ರಲ್ಲಿ ಅವನಿಗೆ ನಮ್ಮಷ್ಟೇ ವಯಸ್ಸು. ಶಾಲೆಯ ಸ್ಟುಡಿಯೋದಲ್ಲಿ ಒಬ್ಬನೇ ಇದ್ದಾಗ, ಗಾಲ್ಫ್ ಚೆಂಡು ಎತ್ತುವ ಉದ್ದನೆ ಕೋಲು ಹಿಡಿದು 'ಸ್ಟಾರ್ ವಾರ್ಸ್' ಸಿನಿಮಾದ ವೀರನ ಹಾಗೆ ಗಿರಗಿರ ತಿರುಗಿಸಿ, ಕ್ಯಾಮೆರಾದಲ್ಲಿ ತಾನೇ ಹಿಡಿದುಕೊಂಡ. ಯಾರಿಗೂ ತೋರಿಸೋಕೆ ಅಲ್ಲ. ನಾವ್ಯಾರೂ ಕನ್ನಡಿ ಮುಂದೆ ಕುಣಿದಿಲ್ವಾ? ಟೇಪು ಅಲ್ಲೇ ಉಳೀತು. 2003ರಲ್ಲಿ ಸಹಪಾಠಿಗಳು ಅದನ್ನು ಇಂಟರ್ನೆಟ್ಟಿಗೆ ಹಾಕಿದರು. ಯೂಟ್ಯೂಬ್ ಶುರುವಾಗಿದ್ದು 2005ರಲ್ಲಿ, ಅದಿಲ್ಲದೇನೇ ಜಗತ್ತೆಲ್ಲ ನೋಡಿಬಿಡ್ತು. ಯಾರ್ಯಾರೋ ಸಂಗೀತ ಸೇರಿಸಿದರು, ಕೋಲನ್ನು ಹೊಳೆಯೋ ಕತ್ತಿ ಮಾಡಿದರು. ಶಾಲೆಯಲ್ಲಿ ಹುಡುಗರು ಮೇಜು ಹತ್ತಿ ನಿಂತು ಅವನನ್ನು ಹಂಗಿಸಿದರಂತೆ. ಸತ್ತುಹೋಗು ಅಂದವರೂ ಇದ್ದರು. ಅವನು ಶಾಲೆಯನ್ನೇ ಬಿಟ್ಟ. ಮನೆಯವರು ಕೋರ್ಟಿಗೆ ಹೋದರು, 2006ರಲ್ಲಿ ರಾಜಿಯಾಯ್ತು. ಮುಂದೆ ಅವನು ಕಾನೂನು ಓದಿದ. ಈ ವಿಷಯ ಬಾಯಿಬಿಟ್ಟು ಹೇಳೋಕೆ 2013 ಆಗಬೇಕಾಯ್ತು. ಅಂದ್ರೆ ಹತ್ತು ವರ್ಷ!

ಹಾಕಿದವರು ಕಳ್ಳರೂ ಅಲ್ಲ, ಕೊಲೆಗಾರರೂ ಅಲ್ಲ. ನಮ್ಮಂಥ ಹುಡುಗರೇ. "ತಮಾಷೆಗೆ" ಅಂತ ಹಾಕಿರಬೇಕು. ಆದ್ರೆ ತಮಾಷೆಗೆ ಹಾಕಿದ್ದನ್ನ ವಾಪಸ್ ತಗೊಳ್ಳೋಕೆ ಆಗಲ್ವಲ್ಲ! ನೀವು ಅಳಿಸಿದರೂ ಇನ್ನೊಬ್ಬರ ಮೊಬೈಲಲ್ಲಿ ಇರುತ್ತೆ. ಸಿನಿಮಾ ನಟರನ್ನೋ ಮಂತ್ರಿಗಳನ್ನೋ ಟ್ರೋಲ್ ಮಾಡಿದರೆ ಅವರ ಮುಂದೆ ಮೈಕಿದೆ, ಉತ್ತರ ಕೊಡ್ತಾರೆ. ಕ್ಲಾಸಿನ ಹುಡುಗಿ ಯಾವ ಮೈಕಲ್ಲಿ ಉತ್ತರ ಕೊಡಬೇಕು?

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತು. ಪ್ರಾಕ್ಟೀಸಿನಲ್ಲಿ ಮಾತು ಮರೆಯೋರು, ಲಂಗ ಕಾಲಿಗೆ ಸಿಕ್ಕಿ ಬೀಳೋರು ಇದ್ದೇ ಇರ್ತಾರೆ. ಅಣ್ಣನ ಮೊಬೈಲ್ ತರೋರು ವಿಡಿಯೋ ಕಳಿಸೋ ಮೊದಲು ಅದರಲ್ಲಿರೋರನ್ನ ಒಂದು ಮಾತು ಕೇಳಿ. ಬೇಡ ಅಂದ್ರೆ ಬೇಡ. ಸರ್, ಟೀಚರ್, ಬೈಯ್ಯಬೇಡಿ, ನಿಮ್ಮ ವಾಟ್ಸಾಪ್ ಸ್ಟೇಟಸ್ಸಿಗೂ ಇದೇ ನಿಯಮ ಇರಲಿ ಅಂತ ನನ್ನ ವಿನಂತಿ.

– ಒಬ್ಬ ವಿದ್ಯಾರ್ಥಿನಿ, 9ನೇ ತರಗತಿ