ತಂತ್ರಾಂಶದ ಆಕರ ಸಂಕೇತ ಮತ್ತು ಪಠ್ಯದ ಬಾಳಿಕೆ

ಕ್ರಿ.ಶ. 1224ರಲ್ಲಿ ಪೊಲಾಳ್ವ ದಂಡನಾಥನು ಕಟ್ಟಿಸಿದ ಹರಿಹರದ ಹರಿಹರೇಶ್ವರ ದೇವಾಲಯದ ಶಾಸನಗಳನ್ನು ಲಿಪಿ ಬಲ್ಲವರು ಇಂದಿಗೂ ಯಾರ ಪರವಾನಗಿಯೂ ಇಲ್ಲದೆ ಓದಬಲ್ಲರು. ಅದೇ ಶಾಸನಪಾಠವನ್ನು ಯೂನಿಕೋಡ್‌ಪೂರ್ವದ ಫಾಂಟಿನಲ್ಲಿ ಬೆರಳಚ್ಚಿಸಿದ್ದರೆ, ಆ ಫಾಂಟ್ ಇಲ್ಲದ ಗಣಕದಲ್ಲಿ ಅದು ಅರ್ಥಹೀನ ಚಿಹ್ನೆಗಳ ಸಾಲಾಗುತ್ತದೆ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಲು ಸಾಧ್ಯವಾಗಿರುವುದು ಅದರ ಅಕ್ಷರಸಂಕೇತಗಳು ತಿಳಿದಿರುವುದರಿಂದಲೇ.

ವಾಣಿಜ್ಯ ತಂತ್ರಾಂಶಗಳೆಲ್ಲವೂ ಮುಕ್ತವಾಗಬೇಕೆಂಬುದು ಅತಿಯಾದ ಬೇಡಿಕೆ. ತಯಾರಕರ ಶ್ರಮಕ್ಕೆ ಪ್ರತಿಫಲ ಸಲ್ಲಲೇಬೇಕು. ಆದರೆ ಅಕ್ಷರಸಂಕೇತಗಳ ಕೋಷ್ಟಕವೂ ಕಡತದ ರಚನೆಯೂ ಮಾರಾಟದೊಂದಿಗೇ ಪ್ರಕಟವಾಗಬೇಕು. ಮಾರಾಟ, ನಿರ್ವಹಣೆಗಳೆರಡೂ ನಿಂತುಹೋದ ತಂತ್ರಾಂಶದ ಆಕರ ಸಂಕೇತವನ್ನು ಬಹಿರಂಗಪಡಿಸಬೇಕು. ತಂತ್ರಾಂಶವು ತಯಾರಕರ ಸ್ವತ್ತಾದರೂ ಅದರಲ್ಲಿ ಸಿದ್ಧವಾದ ಶಾಸನಪಾಠ ಕನ್ನಡ ಸಮುದಾಯದ ಸ್ವತ್ತು. ಕನ್ನಡ ವಿಭಾಗಗಳು ತಂತ್ರಾಂಶಗಳನ್ನು ಕೊಳ್ಳುವಾಗಲೇ ಈ ಷರತ್ತನ್ನು ವಿಧಿಸುವುದು ಅಗತ್ಯ.